ಕಾರು ಹೊಡೆದದ್ದು ನಾನೇ

ಕೆಲವು ಪ್ರಶ್ನೆಗಳನ್ನು ಬಗೆಹರಿಸಲು ತೂಕದ ಮನುಷ್ಯರು, ತೂಕದ ಮಾತು ಮತ್ತು ಸಾಕಷ್ಟು ನೆರಳು ಬೇಕಾಗುತ್ತದೆ. ಅಂಥದೊಂದು ಪ್ರಶ್ನೆ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಟಿಂಕರಿಂಗ್ ಶೆಡ್ಡಿನ ಅಂಗಳದಲ್ಲಿ ಇತ್ಯರ್ಥಕ್ಕೆ ಬಂದಿತ್ತು: ಮೂತಿ ಜಜ್ಜಿಹೋದ ಬಿಳಿ ಕಾರಿನ ಡ್ರೈವರ್ ಸೀಟಿನ ಮೇಲಿರುವ ದಿಂಬನ್ನು ಮನೆಗೆ ಒಯ್ಯಬಹುದೇ, ಒಯ್ಯಬಾರದೇ?

ದಿಂಬು ಕಂದು ಬಣ್ಣದ್ದು. ಒಂದು ಮೂಲೆ ಸವೆದು ಹತ್ತಿ ಇಣುಕುತ್ತಿತ್ತು. ಅದರ ಒಡತಿಯನ್ನು ಊರೆಲ್ಲ ಡ್ರೈವಿಂಗ್ ಮೇಡಂ ಅನ್ನುತ್ತಿತ್ತು. ವಯಸ್ಸು ಐವತ್ತೆಂಟು, ಎತ್ತರ ನಾಲ್ಕು ಅಡಿ ಒಂಬತ್ತು ಇಂಚು. ದಿಂಬಿಲ್ಲದೆ ಕೂತರೆ ಆಕೆಗೆ ರಸ್ತೆ ಕಾಣುವುದಿಲ್ಲ, ಸ್ಟೀರಿಂಗ್ ಮಾತ್ರ ಕಾಣುತ್ತದೆ. ದಿಂಬಿನ ಮೇಲೆ ಕೂತರೆ ರಸ್ತೆಯಲ್ಲಿರುವ ಪ್ರತಿಯೊಬ್ಬರ ತಪ್ಪೂ ಕಾಣುತ್ತದೆ.

"ಮುಟ್ಟಬೇಡ ಅಕ್ಕ," ಎಂದ ಆಕೆಯ ತಮ್ಮ. ಅವನಿಗೆ ಮನೆಮಂದಿ ಇಟ್ಟ ಹೆಸರು ಕಾನೂನು. ಹಿಂದೊಮ್ಮೆ ಕಾನೂನು ಕಾಲೇಜಿನಲ್ಲಿ ಮೂರು ತಿಂಗಳು ಕೂತು ಬಂದಿದ್ದ. ಅಲ್ಲಿಂದ ಎದ್ದು ಬಂದರೂ ಅದು ಅವನಿಂದ ಎದ್ದು ಹೋಗಿರಲಿಲ್ಲ. "ಸರ್ವೇಯರ್ ಬಂದು ನೋಡೋವರೆಗೂ ಕಾರಿಂದ ಒಂದು ಹುಲ್ಲುಕಡ್ಡೀನೂ ತೆಗೆಯೋ ಹಾಗಿಲ್ಲ. ದಿಂಬು ಈಗ ಸಾಕ್ಷಿ."

"ಸಾಕ್ಷೀನೋ, ನನ್ನ ಸೊಂಟದ ಆಸರೇನೋ? ಏಳು ದಿನದಿಂದ ಮನೇಲಿ ಗಟ್ಟಿ ಕುರ್ಚಿ ಮೇಲೆ ಕೂತಿದೀನಿ ಕಣೋ."

"ತಗೊಂಡು ಹೋಗಿ ಮೇಡಂ," ಎಂದ ಟಿಂಕರ್, ಸುತ್ತಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತ. "ಇಲ್ಲಿ ಬಿಟ್ರೆ ಅದರ ಮೇಲೆ ಬೆಕ್ಕು ಮರಿ ಹಾಕುತ್ತೆ. ಆಮೇಲೆ ಮರಿಗಳಿಗೂ ಇನ್ಶೂರೆನ್ಸ್ ಕೇಳ್ತಾರೆ."

ಮೇಡಂನ ಯಜಮಾನರು ಗಡಿಯಾರ ರಿಪೇರಿಯವರು. ಯಾವುದನ್ನೇ ನೋಡಿದರೂ ಒಂದು ಕಣ್ಣು ಮುಚ್ಚಿ ನೋಡುವ ಅಭ್ಯಾಸ. ಹಾಗೆಯೇ ದಿಂಬನ್ನು ನೋಡಿ, "ಇದಕ್ಕೇನೂ ಪೆಟ್ಟಾಗಿಲ್ಲ," ಎಂದು ಘೋಷಿಸಿದರು. ಮೇಡಂ ಅದನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡರು. ಪ್ರಶ್ನೆ ಇತ್ಯರ್ಥವಾಯಿತು.

ಕಾರಿನ ಕತೆ ಅಷ್ಟು ಸಲೀಸಾಗಿರಲಿಲ್ಲ. ಹಿಂದಿನ ಗುರುವಾರ ಬೆಳಿಗ್ಗೆ ಮೇಡಂ ಅದನ್ನು ಔಷಧಿ ಅಂಗಡಿಯ ಮುಂದೆ, ಗೆರೆಯೊಳಗೆ, ಕೈಬ್ರೇಕು ಎಳೆದು ನಿಲ್ಲಿಸಿದ್ದರು. ಕಲಿಯಲು ಬರಬೇಕಾಗಿದ್ದವರು ಹಲ್ಲಿನ ಡಾಕ್ಟರು. ಏಳು ತಿಂಗಳಿಂದ ಕಲಿಯುತ್ತಿದ್ದಾರೆ; ಯಾರ ಬಾಯೊಳಗಾದರೂ ನಡುಗದೆ ಕೈ ಹಾಕುವ ಆ ಮನುಷ್ಯ ಗೇರಿನ ಮೇಲೆ ಕೈ ಇಟ್ಟರೆ ಬೆವರುತ್ತಾರೆ. ಅಂದೂ ತಡ. ಅಂಗಡಿಯ ಮುಂದಿನ ಕಲ್ಲುಬೆಂಚು ತಣ್ಣಗಿರುತ್ತದೆಂದು ಮೇಡಂ ದಿಂಬನ್ನೂ ಜೊತೆಗೆ ಒಯ್ದು, ಅದರ ಮೇಲೆ ಕೂತು, ಟೀ ಕುಡಿಯುತ್ತಿದ್ದರು. ಆಗ ಸಿಮೆಂಟ್ ಲಾರಿಯೊಂದು ಹಿಮ್ಮುಖವಾಗಿ ಬಂತು. ಬಂತು, ಬಂತು, ಬರುತ್ತಲೇ ಇತ್ತು. ಮೇಡಂ ಕೂಗಿದರು. ಔಷಧಿ ಅಂಗಡಿಯವರು ಕೂಗಿದರು. ಲಾರಿಯ ಬೆನ್ನು ಕಾರಿನ ಮೂತಿಯನ್ನು ಕಾಗದದಂತೆ ಮಡಚಿತು; ಆಮೇಲೆ ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ಸರಿದು, ತಿರುವಿನಲ್ಲಿ ಮಾಯವಾಯಿತು. ನಂಬರ್ ಪ್ಲೇಟಿನ ಮೇಲೆ ಸಿಮೆಂಟು ಮೆತ್ತಿತ್ತು.

ವಿಮಾ ಕಂಪನಿಗೆ ಫೋನು ಹೋಯಿತು. ಅರ್ಧ ಗಂಟೆಯಲ್ಲಿ ಕಂಪನಿಯ ಎಳೆಗಾಡಿ ಬಂತು. ಗಾಡಿಯವನು ಸುತ್ತ ನಾಲ್ಕು ಫೋಟೋ ತೆಗೆದು, ಕಾರಿನ ಹಿಂಭಾಗಕ್ಕೆ ಕೊಂಡಿ ಸಿಕ್ಕಿಸಿದ. ಮೇಡಂ ಕೊನೆಗೆ ದಿಂಬನ್ನು ತಂದು ಸೀಟಿನ ಮೇಲೆಸೆದರು. ಕಾರು ಹೋದ ಕಡೆ ದಿಂಬೂ ಹೋಗಬೇಕು ಅನ್ನಿಸಿತ್ತು ಆ ಗಳಿಗೆಯಲ್ಲಿ.

ಸರ್ವೇಯರ್ ಹನ್ನೊಂದಕ್ಕೆ ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ಟಿನ ಕೆಳಗೆ ಬಗ್ಗಿ ನೋಡಿ, "ಟೋಟಲ್ ಲಾಸ್," ಎಂದ. ಸತ್ತವರ ಮನೆಯಲ್ಲಿ ಡಾಕ್ಟರು ತಲೆಯಾಡಿಸುವ ಹಾಗೆ ಹೇಳಿದ.

"ಸರಿ ಮಾಡಬಹುದು ಸಾರ್," ಎಂದ ಟಿಂಕರ್. "ಎಂಜಿನ್ ಗಟ್ಟಿಯಾಗಿದೆ. ಚಾಸಿ ನೇರ ಇದೆ."

"ಮಾಡಬಹುದು. ಆದ್ರೆ ಹೊಸ ಭಾಗ ಹಾಕಿಸೋ ಖರ್ಚು ಕಾರಿನ ಬೆಲೆ ದಾಟುತ್ತೆ. ಮೇಡಂ, ಇಲ್ಲಿ ಒಂದು ಸಹಿ ಹಾಕಿ. ಕಾರು ನಾವು ತಗೊಂಡು ಹೋಗ್ತೀವಿ, ಅದರ ಬೆಲೆ ನಿಮ್ಮ ಖಾತೆಗೆ ಬರುತ್ತೆ. ಹದಿನೈದು ದಿನದೊಳಗೆ ಬೇರೆ ಕಾರು ಕೊಳ್ಳಬಹುದು. ಇಷ್ಟು ಸಲೀಸಾದ ಕೇಸು ನಾನು ಈ ವರ್ಷ ನೋಡಿಲ್ಲ."

ಯಾರಾದರೂ ಸಲೀಸು ಅಂದರೆ ಸಾಕು, ಮೇಡಂ ಕನ್ನಡಕ ಹುಡುಕುತ್ತಾರೆ. ಕನ್ನಡಕ ಹಾಕಿ ಕಾಗದ ಓದಿದರು. ಓದುತ್ತ ಓದುತ್ತ ಕಿವಿ ಕೆಂಪಾದವು.

"ಏನೇ ಅದು?" ಎಂದರು ಯಜಮಾನರು.

ಮೇಡಂ ಗಟ್ಟಿಯಾಗಿ ಓದಿದರು. "'ವಾಹನವನ್ನು ತಾವೇ ಹೊಡೆದದ್ದಾಗಿ ವಿಮಾದಾರರು ದೂರವಾಣಿಯಲ್ಲಿ ಎರಡು ಬಾರಿ ಒಪ್ಪಿಕೊಂಡಿರುತ್ತಾರೆ. ಬೇರೆ ಯಾರಿಗೂ ಹೊಡೆಯಲು ಬಿಡುವುದಿಲ್ಲವೆಂದೂ ತಿಳಿಸಿರುತ್ತಾರೆ. ಲಾರಿಗೆ ಹೊಡೆಯುವಾಗ ಕಣ್ಣು ಕಾಣುತ್ತಿರಲಿಲ್ಲ.'"

ಟಿಂಕರ್ ಬಗ್ಗಿ ಕಾಗದದೊಳಗೆ ಇಣುಕಿದ.

"ಹೀಗಂದ್ಯಾ ಅಕ್ಕ?" ಎಂದ ಕಾನೂನು.

ಅಂದದ್ದು ಹೌದು. ಅಲ್ಲೇ ಇತ್ತು ಎಡವಟ್ಟು. ಗುರುವಾರ ಫೋನಿನಲ್ಲಿ ಆ ಕಡೆಯ ದನಿ, "ಕಾರು ಹೊಡೆಯೋರು ಯಾರು ಮೇಡಂ?" ಎಂದು ಕೇಳಿತ್ತು. ಇಪ್ಪತ್ತಮೂರು ವರ್ಷದಿಂದ ಜನರಿಗೆ ಕಾರು ಹೊಡೆಯುವುದನ್ನು ಕಲಿಸುತ್ತಿರುವ ಹೆಂಗಸು ಏನು ಹೇಳಬೇಕೋ ಅದನ್ನೇ ಹೇಳಿದ್ದರು: "ನಾನೇ ಹೊಡೆಯೋದು. ಕಲಿಯೋ ಹೊತ್ತು ಬಿಟ್ರೆ ಬೇರೆ ಯಾರಿಗೂ ಹೊಡೆಯೋಕೆ ಬಿಡಲ್ಲ." "ಇವತ್ತು ಬೆಳಿಗ್ಗೆ?" "ಇವತ್ತೂ ಮನೆಯಿಂದ ನಾನೇ ಹೊಡ್ಕೊಂಡು ಬಂದೆ. ಆ ಲಾರಿ ಹೊಡೆಯೋನಿಗೆ ಕಣ್ಣು ಕಾಣ್ತಿರಲಿಲ್ಲ." ಇಷ್ಟು ಮಾತು ಆ ತಂತಿಯೊಳಗೆ ಹೋಗಿ, ಯಾರದೋ ಕಿವಿ ದಾಟಿ, ಯಾರದೋ ಬೆರಳಿನಿಂದ ಇಳಿದು, ಹೀಗೆ ಹೆಪ್ಪುಗಟ್ಟಿ ಕೂತಿತ್ತು. ಮಾತು ಆಡಿದರೆ ಹೋಯಿತು ಎಂಬ ಗಾದೆ ಕಟ್ಟಿದವರಿಗೆ ವಿಮಾ ಕಂಪನಿ ಗೊತ್ತಿರಲಿಲ್ಲ. ಇಲ್ಲಿ ಆಡಿದ ಮಾತು ಹೋಗುವುದಿಲ್ಲ, ಫೈಲಿಗೆ ಹೋಗುತ್ತದೆ.

"ಇದನ್ನ ತಿದ್ದಿ," ಎಂದರು ಮೇಡಂ.

"ಯಾಕೆ ಮೇಡಂ? ನೀವು ಹೊಡೆದ್ರೂ ಅಷ್ಟೇ ಬರುತ್ತೆ, ಲಾರಿಯವನು ಹೊಡೆದ್ರೂ ಅಷ್ಟೇ ಬರುತ್ತೆ."

"ನಿಮಗೆ ಅಷ್ಟೇ ಹೋಗುತ್ತೆ. ನನಗೆ ಎಷ್ಟು ಹೋಗುತ್ತೆ ಗೊತ್ತಾ?"

ಹೋಗುವುದು ಆಕೆಯ ಕೆಲಸ. ಕಲಿಸುವ ಪರವಾನಗಿಯ ಅವಧಿ ಮುಂದಿನ ತಿಂಗಳು ಮುಗಿಯುತ್ತಿತ್ತು. ಹೊಸದಕ್ಕೆ ಅರ್ಜಿ ಹಾಕುವಾಗ ವಿಮಾ ಕಂಪನಿಯ ಪತ್ರ ಜೊತೆಗಿಡಬೇಕು. ಕಲಿಸುವವರೇ ಅಪಘಾತ ಮಾಡಿದ್ದರೆ ಅದು ಆ ಪತ್ರದಲ್ಲಿರುತ್ತದೆ. ಇದ್ದರೆ ಮೂರು ವರ್ಷ ಯಾರಿಗೂ ಕಲಿಸುವಂತಿಲ್ಲ. ಕಣ್ಣು ಬೇರೆ ಕಾಣುವುದಿಲ್ಲ ಅಂತ ಬರೆದಿದ್ದರೆ ಮುಗಿದೇ ಹೋಯಿತು. ಮನೆಯ ಗೇಟಿನ ಮೇಲೆ ಇಷ್ಟಗಲದ ಬೋರ್ಡು ಇತ್ತು: "ಇಪ್ಪತ್ತಮೂರು ವರ್ಷ. ಒಂದು ಗೀರೂ ಇಲ್ಲ."

ಸರ್ವೇಯರನಿಗೆ ತಿದ್ದುವ ಅಧಿಕಾರ ಇರಲಿಲ್ಲ. ಸಹಿ ಹಾಕಿಸುವ ಅಧಿಕಾರ ಮಾತ್ರ ಇತ್ತು. ಮೇಡಂ ಸಹಿ ಹಾಕಲಿಲ್ಲ. ಅಂದೇ ಮಧ್ಯಾಹ್ನ ಎರಡು ಬಸ್ಸು ಬದಲಿಸಿ ಕಂಪನಿಯ ಕಚೇರಿಗೆ ಹೋದರು. ಕೌಂಟರಿನಲ್ಲಿದ್ದಾಕೆ ಉಗುರು ನೋಡಿಕೊಳ್ಳುತ್ತ, "ತಿದ್ದೋದು ಸಾಹೇಬ್ರು. ಸಾಹೇಬ್ರು ರಜಾ. ಸೋಮವಾರ ಬನ್ನಿ," ಎಂದಳು.

ಸೋಮವಾರದವರೆಗೆ ಮನೆಯಲ್ಲಿ ಅಡುಗೆಮನೆಯ ಮೇಜೇ ನ್ಯಾಯಾಲಯವಾಯಿತು. ಕಾನೂನು ದಿನಕ್ಕೆರಡು ಸಲ ವಾದ ಮಂಡಿಸಲು ಬರುತ್ತಿದ್ದ.

"ಒಂದು ಪದಕ್ಕೋಸ್ಕರ ಕಾರಿನ ಬೆಲೆ ಕಳ್ಕೋತೀಯಾ ಅಕ್ಕ? ಸಹಿ ಹಾಕು, ಬೇರೆ ಕಾರು ತಗೋ."

"ತಗೊಂಡು? ಕಲಿಸೋಕೆ ಪರವಾನಗಿ ಇಲ್ದೆ ಅದರಲ್ಲಿ ಕೂತು ಸೊಪ್ಪು ಮಾರ್ಲಾ?"

"ಆಮೇಲೆ ಮೇಲ್ಮನವಿ ಹಾಕಬಹುದು."

"ನಿನ್ನ ಮೇಲ್ಮನವಿ ನಂಬಿ ಎದುರುಮನೆಯವರು ಇನ್ನೂ ಕಾಂಪೌಂಡ್ ಕಟ್ಟಿಲ್ಲ. ಹನ್ನೊಂದು ವರ್ಷ ಆಯ್ತು."

"ಭಾವ, ನೀವಾದ್ರೂ ಹೇಳಿ."

ಯಜಮಾನರು ಮೇಜಿನ ಇನ್ನೊಂದು ತುದಿಯಲ್ಲಿ ಅಲಾರಂ ಗಡಿಯಾರವೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. "ನಿಂತ ಗಡಿಯಾರ ದಿನಕ್ಕೆ ಎರಡು ಸಲ ನಿಜ ಹೇಳುತ್ತೆ," ಎಂದರು. "ಹಲ್ಲು ಸವೆದಿದ್ದು ಇಡೀ ದಿನ ಓಡುತ್ತೆ, ಒಂದು ಸಲಾನೂ ಹೇಳಲ್ಲ."

"ಅಂದ್ರೇನು ಭಾವ?"

"ಸಹಿ ಹಾಕಬೇಡ ಅಂದೆ."

ಸೋಮವಾರ ಮೂವರೂ ಹೋದರು. ಮೇಡಂ ದಿಂಬನ್ನು ಚೀಲದಲ್ಲಿ ಹಾಕಿಕೊಂಡಿದ್ದರು. ಕಚೇರಿಯ ಕುರ್ಚಿಗಳ ಮೇಲೆ ಆಕೆಗೆ ಭರವಸೆ ಇರಲಿಲ್ಲ. ಅದು ನಿಜವೂ ಆಯಿತು. ಸಾಹೇಬರ ಮೇಜು ಎತ್ತರ, ಎದುರಿನ ಕುರ್ಚಿ ತಗ್ಗು. ಬಂದವರು ತಗ್ಗಿಯೇ ಮಾತಾಡಲಿ ಎಂಬ ಏರ್ಪಾಡಿರಬೇಕು. ಮೇಡಂ ಕೂತ ಕೂಡಲೇ ಸಾಹೇಬರು ಮೇಜಿನ ಅಂಚಿನ ಮೇಲೆ ಇಣುಕಿ, "ಎಲ್ಲಿ ಮೇಡಂ?" ಎಂದರು.

"ಇಲ್ಲೇ ಇದ್ದೀನಿ," ಎಂದಿತು ಮೇಜಿನಾಚೆಯ ದನಿ. ಚೀಲ ಸರಸರ ಅಂದಿತು. ದಿಂಬು ಕೆಳಗೆ ಹೋಯಿತು, ಮೇಡಂ ಮೇಲೆ ಬಂದರು. "ಈಗ ಕಾಣ್ತೀನಾ? ನನಗೂ ನೀವು ಈಗ ಕಾಣ್ತಿದ್ದೀರಿ."

ಸಾಹೇಬರು ಫೈಲು ತೆರೆದರು. ಮಾತಿಗೆ ಮುಂಚೆ ಎರಡು ಬೆರಳು ಜೋಡಿಸಿ ಗಲ್ಲಕ್ಕೊತ್ತಿಕೊಳ್ಳುವ ಜಾತಿ. "ನೋಡಿ ಮೇಡಂ. ಹೊಡೆದದ್ದು ನಾನೇ ಅಂತ ನೀವೇ ಹೇಳಿದ್ದೀರಿ. ರೆಕಾರ್ಡಿಂಗ್ ಇದೆ."

"ಇವತ್ತು ಆಫೀಸಿಗೆ ಹೇಗೆ ಬಂದ್ರಿ ಸಾರ್?"

"ಸ್ಕೂಟರಲ್ಲಿ."

"ಯಾರು ಹೊಡೆದ್ರು?"

"ನಾನೇ ಹೊ..." ಸಾಹೇಬರು ನಿಲ್ಲಿಸಿದರು. ನಿಲ್ಲಿಸಿದ್ದು ತಡವಾಯಿತು.

"ಎಷ್ಟು ಪೆಟ್ಟಾಯ್ತು ಅದಕ್ಕೆ? ಪಾಪ, ದಿನಾ ಹೊಡೀತೀರಾ?" ಮೇಡಂ ಗೇರು ಬದಲಿಸಿದರು. "ನಮ್ಮ ಯಜಮಾನ್ರು ಗೊರಕೆ ಹೊಡೀತಾರೆ, ಗೊರಕೆ ಯಾವತ್ತೂ ಅತ್ತಿಲ್ಲ. ನನ್ನ ತಮ್ಮ ಹರಟೆ ಹೊಡೀತಾನೆ, ಅದರಲ್ಲಿ ಸಾಯೋದು ನಾವು, ಹರಟೆ ಅಲ್ಲ. ಟೈರಿಗೆ ಗಾಳಿ ಹೊಡೀತಾರೆ, ಗೋಡೆಗೆ ಬಣ್ಣ ಹೊಡೀತಾರೆ. ಇವೆಲ್ಲ ಗೊತ್ತಿರೋ ಊರಲ್ಲಿ, ಡ್ರೈವಿಂಗ್ ಸ್ಕೂಲ್ ಹೆಂಗಸು ಕಾರು ಹೊಡೆದೆ ಅಂದ್ರೆ ಮಾತ್ರ, ಕಾರಿಗೆ ಬಾರಿಸಿದ್ಲು ಅಂತ ಬರ್ಕೊಂಡ್ರಾ? ನಾನು ಎತ್ತು ಈಯಿತು ಅನ್ನಲೂ ಇಲ್ಲ, ನೀವು ಕೊಟ್ಟಿಗೆಗೆ ಕಟ್ಟಿಬಿಟ್ರಿ!"

ಪಕ್ಕದ ಮೇಜಿನಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಾಗಿರಲಿಲ್ಲ.

"ಭಾಷೆ ಬೇರೆ ಮೇಡಂ, ದಾಖಲೆ ಬೇರೆ," ಎಂದರು ಸಾಹೇಬರು. "ನೀವು ಕಾರಿನಲ್ಲಿ ಇರಲಿಲ್ಲ ಅನ್ನೋದಕ್ಕೆ ಆಧಾರ ಏನು?"

"ಔಷಧಿ ಅಂಗಡಿಯವರು ಬರೆದುಕೊಟ್ಟಿದ್ದಾರೆ."

ಸಾಹೇಬರು ಆ ಚೀಟಿ ಓದಿದರು. "'ಮೇಡಂ ಬೆಂಚಿನ ಮೇಲಿದ್ದರು. ಲಾರಿಯವನು ರಿವರ್ಸ್ ಹೊಡೆದನು.' ಇಲ್ಲೂ ಹೊಡೆದನು ಅಂತಿದೆ. ರಿವರ್ಸ್‌ಗೆ ಹೊಡೆದ್ನೋ, ಕಾರಿಗೆ ಹೊಡೆದ್ನೋ ಸ್ಪಷ್ಟ ಇಲ್ಲ."

ಕಾನೂನು ಬಾಯಿ ತೆರೆದ. ಮೇಡಂ ಅವನ ಕಾಲು ತುಳಿದರು. ಕಲಿಯುವವರು ತಪ್ಪಿದಾಗ ತಮ್ಮ ಕಡೆಯ ಬ್ರೇಕನ್ನು ಹೇಗೆ ತುಳಿಯುತ್ತಿದ್ದರೋ ಹಾಗೆ. ಅವನು ನಿಂತ.

ಇತ್ತ ಯಜಮಾನರು ಫೈಲಿನಿಂದ ಹೊರಬಿದ್ದ ನಾಲ್ಕು ಫೋಟೋಗಳನ್ನು, ಎಳೆಗಾಡಿಯವನು ತೆಗೆದವನ್ನು, ಮೇಜಿನ ಮೂಲೆಗೆ ಎಳೆದುಕೊಂಡಿದ್ದರು. ಜೇಬಿನಿಂದ ಗಡಿಯಾರದ ಮಸೂರ ತೆಗೆದು ಕಣ್ಣಿಗೆ ಸಿಕ್ಕಿಸಿ, ಒಂದೊಂದನ್ನೇ ಮೂಗಿನವರೆಗೆ ತಂದು ನೋಡುತ್ತಿದ್ದರು. ಮೂರನೆಯದರಲ್ಲಿ ನಿಂತರು.

"ದಿಂಬು," ಎಂದರು.

"ಏನು?"

"ಇಲ್ಲಿ ನೋಡಿ ಸ್ವಾಮಿ. ಮುಂದೆ ಕಾರು. ಡ್ರೈವರ್ ಸೀಟು ಬರೀದು. ಹಿಂದೆ ಬೆಂಚು. ಬೆಂಚಿನ ಮೇಲೆ ಕಂದು ದಿಂಬು. ದಿಂಬಿನ ಪಕ್ಕ ಟೀ ಲೋಟ. ಲೋಟದಲ್ಲಿ ಅರ್ಧ ಟೀ." ಮಸೂರ ತೆಗೆದು ಸಾಹೇಬರ ಕೈಗಿತ್ತರು. "ದಿಂಬಿಲ್ದೆ ಇವಳಿಗೆ ಎಷ್ಟು ಕಾಣುತ್ತೆ ಅನ್ನೋದು ಈಗ ತಾನೇ ನೋಡಿದ್ರಿ. ಕಾರು ಗುದ್ದಿಸಿ, ಇಳಿದು, ದಿಂಬು ತಗೊಂಡು, ಬೆಂಚಿನ ಮೇಲೆ ಹಾಸಿ, ಟೀ ತರಿಸಿ, ಅರ್ಧ ಕುಡಿಯೋ ಹೆಂಗಸು ಇದ್ರೆ ನಾನು ಮೂವತ್ತು ವರ್ಷದಲ್ಲಿ ಗುರುತು ಹಿಡಿಯಲ್ವಾ?"

ಸಾಹೇಬರು ಮಸೂರ ಹಾಕಿ ನೋಡಿದರು. ಫೋಟೋ ನೋಡಿದರು, ಮೇಡಂ ಕೂತ ದಿಂಬು ನೋಡಿದರು. ಅದೇ ಸವೆದ ಮೂಲೆ, ಅದೇ ಇಣುಕುವ ಹತ್ತಿ. ಎರಡು ಬೆರಳು ಗಲ್ಲದಿಂದ ಇಳಿದವು.

"ಸರಿ ಮೇಡಂ. ಒಪ್ಪಿದೆ. ನೀವು ಕಾರಿನಲ್ಲಿ ಇರಲಿಲ್ಲ."

ಕಾನೂನು ಅಕ್ಕನ ಬೆನ್ನು ತಟ್ಟಲು ಕೈಯೆತ್ತಿದ. ಆ ಕೈ ಗಾಳಿಯಲ್ಲೇ ಉಳಿಯಿತು, ಏಕೆಂದರೆ ಸಾಹೇಬರು ಮುಂದುವರಿಸಿದರು.

"ಆದ್ರೆ ಹಳೇ ಹೇಳಿಕೆ ತಪ್ಪು ಅಂದ್ಮೇಲೆ ಅದು ರದ್ದು. ರದ್ದಾದ್ರೆ ನೀವು ಹೊಸ ಹೇಳಿಕೆ ಕೊಡಬೇಕು. ಅಪಘಾತ ಆಗಿ ಏಳು ದಿನದೊಳಗೆ ಹೇಳಿಕೆ ಬರಬೇಕು. ಇವತ್ತು ಹನ್ನೆರಡನೇ ದಿನ. ತಡ ಆಯ್ತು. ವಿಮೆ ಕೊಡೋಕೆ ಬರಲ್ಲ."

"ಏಳನೇ ದಿನ ಬಂದಿದ್ದೆ! ಬುಧವಾರ! ನಿಮ್ಮ ಕೌಂಟರಿನವಳೇ ಸೋಮವಾರ ಬನ್ನಿ ಅಂದದ್ದು!"

"ಬಂದಿದ್ದಕ್ಕೆ ದಾಖಲೆ ಇದೆಯಾ?"

"ನನ್ನ ಬಾಯಿದೆ."

"ಬಾಯಿಂದಲೇ ಅಲ್ವಾ ಮೇಡಂ ಇಷ್ಟೆಲ್ಲ ಆಗಿದ್ದು," ಎಂದರು ಸಾಹೇಬರು. ಈ ಒಂದು ಮಾತಿನಲ್ಲಿ ಅವರು ನಕ್ಕಂತಿತ್ತು. ನಗಬಾರದಿತ್ತು.

ಮೇಡಂ ಎದ್ದು ನಿಂತರು. ಎದ್ದು ನಿಂತರೆ ದಿಂಬಿನ ಮೇಲೆ ಕೂತಾಗಿನಷ್ಟೇ ಎತ್ತರ. ಆದರೂ ಕಚೇರಿ ತಿರುಗಿ ನೋಡಿತು.

"ಸರಿಯಾಗಿ ಅರ್ಥ ಮಾಡ್ಕೋತೀನಿ ಸಾರ್. ನಾನು ಹೊಡೆದೆ ಅನ್ನೋದು ಸುಳ್ಳು. ನಿಮಗೂ ಗೊತ್ತು. ಆ ಸುಳ್ಳಿಗೆ ಸಹಿ ಹಾಕಿದ್ರೆ ನಾನು ಹೊತ್ತಿಗೆ ಸರಿಯಾಗಿ ಬಂದ ಹಾಗೆ. ನಿಜ ಹೇಳಿದ್ರೆ ತಡ. ಲಾರಿಯವನು ಗುದ್ದಿ ಓಡಿಹೋದ, ಅವನಿಗೆ ಏನೂ ಇಲ್ಲ. ನಿಮ್ಮೋರು ತಪ್ಪು ಬರ್ಕೊಂಡ್ರು, ಅವರಿಗೆ ಏನೂ ಇಲ್ಲ. ನೀವು ರಜಾ ಹಾಕಿದ್ರಿ, ನಿಮಗೆ ಸಂಬಳ. ಗೆರೆಯೊಳಗೆ ನಿಲ್ಲಿಸಿ ಕೈಬ್ರೇಕ್ ಎಳೆದವಳು ನಾನೊಬ್ಬಳೇ, ದಂಡ ತೆರೋಳೂ ನಾನೊಬ್ಬಳೇ. ಹೌದಾ?"

"ನಿಯಮ ಮೇಡಂ. ನಾನೇನು ಮಾಡ್ಲಿ?"

"ಈ ಮಾತು ನನ್ನ ಹತ್ರ ಕಲಿಯೋಕೆ ಬರೋರೂ ಹೇಳ್ತಾರೆ. ಗುಂಡಿಗೆ ಇಳಿಸಿದ್ಮೇಲೆ."

"ಸಾರ್, ಒಂದು ನಿಮಿಷ," ಎಂದು ಕಾನೂನು ಅಕ್ಕನ ಕಿವಿಗೆ ಬಾಗಿದ. "ಕೊನೇ ಸಲ ಹೇಳ್ತೀನಿ. ಹಳೇದಕ್ಕೇ ಸಹಿ ಹಾಕಿಬಿಡು. ಪರವಾನಗಿ ವಿಷಯ ಆಮೇಲೆ ನೋಡ್ಕೊಳ್ಳೋಣ. ಕೈಗೆ ಬಂದಿದ್ದು ಬಾಯಿಗೆ ಬರದ ಹಾಗೆ ಮಾಡ್ಕೋಬೇಡ."

ಮೇಡಂ ಯಜಮಾನರ ಕಡೆ ನೋಡಿದರು. ಅವರು ಮಸೂರವನ್ನು ಒರೆಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಟಿಂಕರ್ ಸರಿ ಮಾಡ್ತೀನಿ ಅಂದಿದ್ದ," ಎಂದರು.

"ಕಾಗದ ಕೊಡಿ ಸಾರ್," ಎಂದರು ಮೇಡಂ. "ನಾನು ಹೇಳ್ತೀನಿ, ನೀವು ಬರೀರಿ. 'ಅಪಘಾತವಾದಾಗ ಇವರು ಕಾರಿನಲ್ಲಿ ಇರಲಿಲ್ಲ. ಕಾರು ನಿಂತಿತ್ತು. ಇವರ ತಪ್ಪು ಏನೂ ಇಲ್ಲ. ಇವರ ಕಣ್ಣು ಚೆನ್ನಾಗಿ ಕಾಣುತ್ತದೆ.'"

"ಕಣ್ಣಿನ ವಿಷಯ ನಾವು ಹೇಗೆ..."

"ಕಾಣಲ್ಲ ಅಂತ ಬರೆದೋರು ಯಾರು? ಆ ಡಾಕ್ಟರೇ ಕಾಣುತ್ತೆ ಅಂತಾನೂ ಬರೀಲಿ."

ಸಾಹೇಬರು ಬರೆದರು. ಕೆಳಗೆ, ತಮ್ಮ ಕಡೆಯಿಂದ, ಹೇಳಿಕೆ ತಡವಾದ ಕಾರಣ ವಿಮೆ ತಿರಸ್ಕರಿಸಲಾಗಿದೆ ಎಂದೂ ಸೇರಿಸಿದರು. ಸಹಿ ಹಾಕಿ ಕಾಗದ ಮುಂದಕ್ಕೆ ತಳ್ಳಿದರು.

"ಸೀಲು?" ಎಂದರು ಮೇಡಂ.

ಸಾಹೇಬರು ಸೀಲು ಎತ್ತಿಕೊಂಡು ಅನುಮಾನದಿಂದ ಆಕೆಯನ್ನು ನೋಡಿದರು.

"ಹೊಡೀರಿ ಸಾರ್," ಎಂದರು ಮೇಡಂ. "ಹೊಡೆದದ್ದು ನೀವೇ ಅಂತ ನಾನು ಯಾರ ಹತ್ರಾನೂ ಹೇಳಲ್ಲ."

ಟಿಂಕರ್ ಕಾರನ್ನು ಹಳೆಯ ಭಾಗಗಳಿಂದ ಐದು ವಾರದಲ್ಲಿ ಸರಿ ಮಾಡಿದ. ಬಿಳಿ ಬಾನೆಟ್ಟು ಎಲ್ಲೂ ಸಿಗಲಿಲ್ಲ. ಯಾವುದೋ ಸತ್ತ ಕಾರಿನ ಹಸಿರು ಬಾನೆಟ್ಟು ಸಿಕ್ಕಿತು. ಬಣ್ಣ ಹೊಡೆಯಲೇ ಎಂದು ಕೇಳಿದ. ಹೊಡೆಯುವ ಮಾತೇ ಬೇಡ ಎಂದರು ಮೇಡಂ.

ಗೇಟಿನ ಬೋರ್ಡಿನ ಮುಂದೆ ಮಾತ್ರ ಇನ್ನೊಂದು ಸಭೆ ಸೇರಬೇಕಾಯಿತು. ಗೀರು ಬಿದ್ದ ಮೇಲೆ ಒಂದು ಗೀರೂ ಇಲ್ಲ ಎಂದು ಬರೆಸಿಕೊಂಡಿರುವುದು ಮೇಡಂಗೆ ಒಪ್ಪಿಗೆಯಾಗಲಿಲ್ಲ. "'ಇಪ್ಪತ್ತಮೂರು ವರ್ಷದಿಂದ ನಾವು ಹೊಡೆದಿಲ್ಲ' ಅಂತ ಬರೆಸ್ತೀನಿ," ಎಂದರು.

"ಅಕ್ಕ," ಎಂದ ಕಾನೂನು, "ಡ್ರೈವಿಂಗ್ ಸ್ಕೂಲಿನವರು ಇಪ್ಪತ್ತಮೂರು ವರ್ಷದಿಂದ ಹೊಡೆದಿಲ್ಲ ಅಂದ್ರೆ ಕಲಿಯೋಕೆ ಯಾರು ಬರ್ತಾರೆ?"

ಅವನ ಜೀವಮಾನದಲ್ಲಿ ಮನೆಯವರೆಲ್ಲ ಒಪ್ಪಿದ ವಾದ ಅದೊಂದೇ. ಬೋರ್ಡಿನ ಎರಡನೆಯ ಸಾಲನ್ನು ಅಳಿಸಿದರು.

ವಿಮೆ ಬರಲಿಲ್ಲ. ಪರವಾನಗಿ ಬಂತು.